ಬಲೆ ಕಡಿದ ಇಲಿ

"ಏನೇ, ಬಲೆ ಯಾವಾಗ ಹಾಕ್ತೀಯ?" ಎಂದು ಮೇಸ್ತ್ರಿ ಮಂಚದ ಮೇಲಿಂದಲೇ ಕೇಳಿದ.

ಹೆಂಡತಿ ಪಕ್ಕದ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಮಾತು ಕಿವಿಗೆ ಬಿತ್ತು. ಬಿದ್ದರೂ ಕಾಲು ನಿಲ್ಲಿಸಲಿಲ್ಲ, ಮಿಷನ್ನು ಓಡುತ್ತಲೇ ಇತ್ತು.

"ಮರ ಹಳದಿಗೆ ತಿರುಗಿದೆ ಕಣೇ. ಇನ್ನೊಂದು ಗಾಳಿ ಬೀಸಿದ್ರೆ ಅಷ್ಟೂ ಎಲೆ ನಮ್ಮ ಕೊಳಕ್ಕೇ."

"ಈ ಪರದೆ ಒಂದು ಮುಗೀಲಿ ರೀ. ಆಮೇಲೆ ನೋಡೋಣ."

"ನಿನ್ನ ಪರದೆ ಯಾವತ್ತು ಮುಗಿದಿದೆ?"

ಅದೇನೂ ಸುಳ್ಳಲ್ಲ. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಪರದೆಯಮ್ಮ ಎಂದು. ಆ ಬೀದಿಯ ಯಾವ ಕಿಟಕಿ ನೋಡಿದರೂ ಅಲ್ಲಿ ತೂಗುವ ಬಟ್ಟೆಯ ಅಂಚು ಅವಳ ಬೆರಳಿನ ಕೆಳಗೆ ಹಾದು ಬಂದದ್ದು. ಅವಳ ಕತ್ತರಿ ಓಡಿದರೆ ಗೆರೆ ಎಳೆದ ಹಾಗೆ. ಬೇರೆಯವರು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಳೆದು, ಮತ್ತೆ ಅಳೆದು ಕತ್ತರಿಸುವ ಕಡೆ ಅವಳು ಬಟ್ಟೆಯನ್ನು ಒಮ್ಮೆ ಕೊಡವಿ, ಯಾರ ಜೊತೆಯಲ್ಲೋ ಮಾತಾಡುತ್ತಲೇ, ಈ ತುದಿಯಿಂದ ಆ ತುದಿಗೆ ಸೀದಾ ಹೋಗಿಬಿಡುತ್ತಿದ್ದಳು.

ಗಂಡ ನಲ್ಲಿ ಮೇಸ್ತ್ರಿ. ಕೂದಲು ಕಪ್ಪಗಿದ್ದ ಕಾಲದಿಂದಲೂ ಸೋರುವ ನಲ್ಲಿ, ಒಡೆದ ಪೈಪು, ಕಟ್ಟಿಕೊಂಡ ಚರಂಡಿಗಳ ಜೊತೆಯಲ್ಲೇ ಬಾಳಿದವನು. ಮಕ್ಕಳಿಲ್ಲದ ಮನೆ. ಒಂದು ವರ್ಷ ಇದ್ದಕ್ಕಿದ್ದ ಹಾಗೆ ಗುದ್ದಲಿ ತಗೊಂಡು ಹಿತ್ತಲಿಗೆ ಇಳಿದ. "ಇದೇನ್ರೀ, ಹಿತ್ತಲಲ್ಲೂ ಪೈಪು ಒಡೀತಾ?" ಎಂದು ಅವಳು ಕೇಳಿದ್ದಕ್ಕೆ, "ಊರಲ್ಲೆಲ್ಲ ನೀರು ಹೋಗದ ಹಾಗೆ ಮಾಡಿ ಮಾಡಿ ಸಾಕಾಯ್ತು. ನಮ್ಮನೇಲಿ ಒಂದಿಷ್ಟು ನೀರು ಸುಮ್ಮನೆ ಇರಲಿ" ಅಂದ. ಹಾಗೆ ತೋಡಿದ್ದು ಆ ಕೊಳ. ಕೊಳ ಅಂದರೆ ದೊಡ್ಡದೇನಲ್ಲ, ಎರಡು ಮಂಚ ಜೋಡಿಸಿ ಇಟ್ಟಷ್ಟು. ತಳಕ್ಕೆ ದಪ್ಪ ರಬ್ಬರಿನ ಹಾಳೆ, ಸುತ್ತ ಕಲ್ಲು, ಒಳಗೆ ಕೆಂಪು ಬಿಳಿ ಮೀನು.

ಆ ಮೀನುಗಳಲ್ಲಿ ಒಂದು ದಪ್ಪನೆಯದಿತ್ತು. ಬಾಲದ ಒಂದು ಕಡೆ ಹರಿದಿತ್ತು. ಕಾಳು ಹಾಕಿದಾಗ ಚಿಕ್ಕವೆಲ್ಲ ಮುಗಿಬಿದ್ದರೆ ಇದು ಮಾತ್ರ ಎಲ್ಲರೂ ಬಂದ ಮೇಲೆ, ಯಾರೋ ಬಲವಂತ ಮಾಡಿ ಕರೆದ ಹಾಗೆ ಬಿಗುಮಾನದಿಂದ ಬರುತ್ತಿತ್ತು. ಬಂದು ಎಲ್ಲರಿಗಿಂತ ಹೆಚ್ಚು ತಿನ್ನುತ್ತಿತ್ತು. ಅದಕ್ಕೆ ಮೇಸ್ತ್ರಿ ಇಟ್ಟ ಹೆಸರು ದೊಡ್ಡಪ್ಪ.

ಪಕ್ಕದ ಮನೆಯವರ ಮರ ಗೋಡೆಯ ಮೇಲಿಂದ ಇತ್ತ ಕಡೆಗೇ ವಾಲಿತ್ತು. ಎಲೆ ಉದುರುವ ಕಾಲ ಬಂತೆಂದರೆ ಕೊಳ ಮುಚ್ಚಿಹೋಗುತ್ತಿತ್ತು. ಎಲೆ ತಳಕ್ಕಿಳಿದು ಕೊಳೆತರೆ ನೀರು ಕಪ್ಪಾಗುತ್ತದೆ, ಮೀನಿಗೆ ಉಸಿರು ಸಿಗುವುದಿಲ್ಲ. ಮೊದಲ ವರ್ಷ ಹಾಗೆ ಒಂದಷ್ಟು ಸತ್ತವು. ಮರುವರ್ಷದಿಂದ ಬಲೆ. ಮರ ಹಳದಿಯಾದ ಕೂಡಲೇ ಹಾಕುವುದು, ಹೊಸ ಚಿಗುರು ಕಂಡ ಮೇಲೆ ತೆಗೆಯುವುದು. ನಡುವೆ ಒಂದು ಹಗ್ಗವನ್ನು ಗೋಡೆಯ ಕೊಂಡಿಯಿಂದ ಈಚೆಯ ಕಂಬಕ್ಕೆ ಬಿಗಿದು, ಅದರ ಮೇಲೆ ಬಲೆ ಹೊದಿಸಿ, ಎರಡೂ ಪಕ್ಕ ಎಳೆದು ಕಬ್ಬಿಣದ ಗೂಟ ಹೊಡೆಯಬೇಕು. ಮನೆಯ ಸೂರಿನ ಹಾಗೆ ಇಳಿಜಾರು ಬರುತ್ತದೆ, ಎಲೆ ಜಾರಿ ಪಕ್ಕಕ್ಕೆ ಬೀಳುತ್ತದೆ. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅತ್ತ ಅವನು, ಇತ್ತ ಅವಳು. "ಹಿಡಿ" ಅಂದರೆ ಹಿಡಿಯಬೇಕು, "ಬಿಡು" ಅಂದರೆ ಬಿಡಬೇಕು. ಅವನು ಹಿಡಿ ಅಂದಾಗ ಅವಳು ಬಿಟ್ಟಿರುತ್ತಿದ್ದಳು. ವರ್ಷವಿಡೀ ಜಗಳವಿಲ್ಲದ ಗಂಡ ಹೆಂಡತಿಗೆ ಆ ಒಂದು ದಿನ ಮಾತ್ರ ತಪ್ಪದೆ ಜಗಳ.

ಬಲೆ ಕಪ್ಪನೆಯದು, ಕಣ್ಣು ಸಣ್ಣದು. ಒಮ್ಮೆ ಹೊದಿಸಿದರೆ ಮನೆಯೊಳಗಿಂದ ನೀರೂ ಕಾಣದು, ಮೀನೂ ಕಾಣದು. ಈ ವರ್ಷ ಪರದೆಯಮ್ಮನ ಕಾಲು ಹಿಂದಕ್ಕೆ ಎಳೆದದ್ದು ಅದಕ್ಕೇ.

ಮೇಸ್ತ್ರಿಯ ಶ್ವಾಸಕೋಶ ಕೆಟ್ಟಿತ್ತು. ಮಳೆಗಾಲದಲ್ಲಿ ಕೆಮ್ಮು ಅಂದುಕೊಂಡದ್ದು ಕೆಮ್ಮಾಗಿ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಅವಳೊಬ್ಬಳನ್ನೇ ಹೊರಗೆ ಕರೆದು, ಗೋಡೆಯ ಕಡೆ ನೋಡುತ್ತಾ, "ಈ ಚಳಿಗಾಲ ದಾಟೋದು ಕಷ್ಟ ಅಮ್ಮ. ಮನೆಗೆ ಕರ್ಕೊಂಡು ಹೋಗಿ. ಅವರಿಗೆ ಏನು ಇಷ್ಟವೋ ಅದನ್ನ ಮಾಡಿ" ಎಂದಿದ್ದರು. ಅವನಿಗೆ ಇಷ್ಟವಾದದ್ದು ಒಂದೇ. ಮಂಚವನ್ನು ಹಿತ್ತಲ ಕಿಟಕಿಯ ಪಕ್ಕಕ್ಕೆ ಎಳೆಸಿಕೊಂಡ. ದಿಂಬಿಗೆ ಒರಗಿ ಬೆಳಗಿನಿಂದ ಸಂಜೆಯವರೆಗೆ ಕೊಳ ನೋಡುತ್ತಾ ಕೂರುತ್ತಿದ್ದ. ಊರಿಗೆಲ್ಲ ಪರದೆ ಹೊಲಿದವಳು ಆ ಕಿಟಕಿಗೆ ಮಾತ್ರ ಯಾವತ್ತೂ ಪರದೆ ಹಾಕಿರಲಿಲ್ಲ, ಅವನು ಹಾಕಗೊಟ್ಟಿರಲಿಲ್ಲ.

ಈಗ ಬಲೆ ಹಾಕಿದರೆ ತೆಗೆಯುವುದು ಚಿಗುರಿಗೆ. ಚಿಗುರಿಗೆ ಅವನಿಲ್ಲ. ಅಂದರೆ ಬಲೆ ಹಾಕುವ ದಿನವೇ ಅವನು ಮೀನು ನೋಡುವ ಕೊನೆಯ ದಿನ. ಅದನ್ನು ತನ್ನ ಕೈಯಾರೆ ಮಾಡುವುದು ಹೇಗೆ? ಅವಳು ಇದನ್ನು ಒಬ್ಬಳೇ ಎದೆಯಲ್ಲಿಟ್ಟುಕೊಂಡು, ದಿನಕ್ಕೊಂದು ನೆಪ ಹೂಡುತ್ತಾ ಬಂದಳು. ಒಂದು ದಿನ ಶಾಲೆಯ ವೇದಿಕೆಯ ಪರದೆ ಕೊಡಬೇಕು ಅಂದಳು. ಇನ್ನೊಂದು ದಿನ ಗಾಳಿ ಜಾಸ್ತಿ ಅಂದಳು. ಮತ್ತೊಂದು ದಿನ ಗೂಟ ಸಿಗುತ್ತಿಲ್ಲ ಅಂದಳು.

"ಗೂಟ ಶೆಡ್ಡಲ್ಲಿ, ಬಣ್ಣದ ಡಬ್ಬದ ಹಿಂದೆ" ಎಂದ ಅವನು, ಮಲಗಿದಲ್ಲಿಂದಲೇ.

"ಅಲ್ಲಿಲ್ಲ ರೀ."

"ಕಣ್ಣು ಬಿಟ್ಟು ನೋಡಿದ್ಯಾ, ಮುಚ್ಚಿ ನೋಡಿದ್ಯಾ?"

ಅಷ್ಟರಲ್ಲಿ ಎಲೆ ಬೀಳತೊಡಗಿತು. ಬೆಳಿಗ್ಗೆ ಅವನು ಏಳುವ ಮುಂಚೆ ಅವಳು ಅಡುಗೆಮನೆಯ ಜರಡಿ ಹಿಡಿದು ಹೋಗಿ, ಬಗ್ಗಿ ಬಗ್ಗಿ ಎಲೆ ತೆಗೆಯುತ್ತಿದ್ದಳು. ಸೊಂಟ ಬಿದ್ದುಹೋಗುತ್ತಿತ್ತು. ತೆಗೆದು ನೆಟ್ಟಗೆ ನಿಲ್ಲುವಷ್ಟರಲ್ಲಿ ಮತ್ತಷ್ಟು. ಒದ್ದೆ ಸೆರಗನ್ನು ನೋಡಿಯೂ ಮೇಸ್ತ್ರಿ ಏನೂ ಕೇಳುತ್ತಿರಲಿಲ್ಲ, ಲೋಟದ ಮೇಲೆ ಚಮಚದಿಂದ ಟಣಟಣ ಬಡಿದು, "ಬಲೆ" ಅನ್ನುತ್ತಿದ್ದ ಅಷ್ಟೇ. ಹೆಚ್ಚು ಮಾತಾಡಲು ಉಸಿರು ಸಾಲುತ್ತಿರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಅವನಿಗೆ ಮಂಪರು ಹತ್ತಿದ ಹೊತ್ತು ನೋಡಿ ಅವಳು ಶೆಡ್ಡಿಗೆ ಹೋದಳು. ಬಲೆ ಮೂಲೆಯಲ್ಲಿ ಸುತ್ತಿಟ್ಟದ್ದು ಸುತ್ತಿಟ್ಟ ಹಾಗೇ ಇತ್ತು. ಅದನ್ನು ಬಿಚ್ಚಿ ಹರಡಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕತ್ತರಿ ತೆಗೆದು, ನಡುಮಧ್ಯಕ್ಕೆ ಇಳಿಸಿದಳು. ಕಣ್ಣಲ್ಲಿ ನೀರು ತುಂಬಿ ಏನೂ ಕಾಣುತ್ತಿರಲಿಲ್ಲ. ಕೈ ತನ್ನ ಪಾಡಿಗೆ ಓಡಿತು. ಮುಗಿದ ಮೇಲೆ ನೋಡಿದರೆ ಒಬ್ಬ ಮನುಷ್ಯ ತೂರಿ ಹೋಗುವಷ್ಟು ತೂತು.

ಸಂಜೆಗೆ ನಾದಿನಿ ಬಂದಳು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಗಾಜಿನ ಹಿಂದಿನಿಂದ ಜನರ ಜೊತೆ ಕೂಗಿ ಕೂಗಿ ಅವಳ ಮಾತೇ ಹಾಗಾಗಿತ್ತು, ಗುಟ್ಟು ಹೇಳಿದರೂ ಮೂರು ಮನೆಗೆ ಕೇಳಿಸುತ್ತಿತ್ತು. ಅಣ್ಣ ಇಟ್ಟ ಅಡ್ಡಹೆಸರು ರೇಡಿಯೋ.

"ಏನಣ್ಣ, ಹೇಗಿದ್ದೀಯ?"

"ರೇಡಿಯೋ ಬಂತು. ಇನ್ನು ನನ್ನ ಉಸಿರಿನ ಸದ್ದು ಕೇಳಿಸಲ್ಲ, ಒಳ್ಳೇದಾಯ್ತು" ಎಂದ ಮೇಸ್ತ್ರಿ.

"ನೋಡಿ ಅತ್ತಿಗೆ, ಮಲಗಿದ್ರೂ ಬಾಯಿ ಮಾತ್ರ ಎದ್ದು ಓಡಾಡ್ತಿದೆ! ಅದು ಬಿಡಿ, ಕೊಳದ ತುಂಬ ಎಲೆ. ಇನ್ನೂ ಬಲೆ ಹಾಕಿಲ್ವಾ?"

ಪರದೆಯಮ್ಮ ಗಂಡನ ಹೊದಿಕೆ ಸರಿಮಾಡತೊಡಗಿದಳು. "ಹಾಕೋಣ ಅಂತ ತೆಗೆದೆ ಕಣಮ್ಮ. ಇಲಿ ಕಡಿದುಬಿಟ್ಟಿದೆ. ಇಷ್ಟು ದೊಡ್ಡ ತೂತು. ಈ ವರ್ಷ ಆ ಬಲೆ ಆಗಲ್ಲ."

"ಇಲಿಯಾ! ಅಯ್ಯೋ, ಒಂದು ಬಂದ್ರೆ ಮನೆಮಂದಿಯನ್ನೆಲ್ಲ ಕರ್ಕೊಂಡು ಬರುತ್ತೆ ಅದು. ನಾಳೆನೇ ಬೋನು ತರ್ತೀನಿ" ಎಂದು ರೇಡಿಯೋ ಆಗಲೇ ಎದ್ದು ನಿಂತಳು.

ನಾದಿನಿ ಹೋದ ಮೇಲೆ, "ಬಲೆ ಇಲ್ಲಿಗೆ ತಾ" ಅಂದ ಮೇಸ್ತ್ರಿ.

"ಧೂಳು ರೀ ಅದು. ನಿಮಗೆ ಕೆಮ್ಮು ಕೆರಳುತ್ತೆ."

"ತಾರೇ."

ತಂದು ಹೊದಿಕೆಯ ಮೇಲೆ ಹರಡಿದಳು. ಅವನು ದೀಪದ ಕಡೆಗೆ ತೂತನ್ನು ತಿರುಗಿಸಿ, ಅಂಚನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿಕೊಂಡು ಬಂದ. ಪೈಪಿನಲ್ಲಿ ಎಲ್ಲಿ ಬಿರುಕಿದೆ ಎಂದು ಹುಡುಕುವಾಗ ಹೀಗೇ ಸವರುತ್ತಿದ್ದ. ಅಂಚು ಹೇಗೆ ಬಂದಿದೆ ಎಂಬುದು ಇಲ್ಲಿಯವರೆಗೂ ಅವಳಿಗೇ ಹೊಳೆದಿರಲಿಲ್ಲ. ಈಗ ಅವನ ಬೆರಳಿನ ಹಿಂದೆಯೇ ಅವಳ ಕಣ್ಣೂ ಹೋಯಿತು.

"ಯಾವ ಇಲಿ ಇದು?"

"ಶೆಡ್ಡಿನ ಇಲಿ. ಇನ್ಯಾವುದು?"

"ಒಳ್ಳೇ ಕೆಲಸಗಾರ ಇಲಿ. ನೂಲು ಹಿಡಿದ ಹಾಗೆ ಕಡಿದಿದೆ. ಒಂದು ಎಳೆ ಹಿಂಜಿಲ್ಲ. ಇಲ್ಲಿ ನೋಡು, ಮೂಲೆ ಬೇರೆ ತಿರುಗಿಸಿದೆ." ಉಸಿರಿಗಾಗಿ ನಿಂತ. "ಈ ಇಲಿಗೆ ವರ್ಷವರ್ಷ ಕತ್ತರಿ ಸಾಣೆ ಹಿಡಿಸಿಕೊಟ್ಟಿದ್ದು ನಾನೇ ಅಲ್ವೇನೇ?"

ಅವಳಿಗೆ ನಗು ಬಂತು. ಬಂದ ನಗು ಅರ್ಧಕ್ಕೇ ಅಳುವಾಯಿತು. ಮಂಚದ ತುದಿಯಲ್ಲಿ ಕುಸಿದು ಕೂತು, ಬಲೆಯ ಮೂಲೆಯಿಂದಲೇ ಮುಖ ಮುಚ್ಚಿಕೊಂಡಳು. ಅವನು ಅಳು ಇಳಿಯುವವರೆಗೆ ಕಾದ.

"ಡಾಕ್ಟರು ನಿನ್ನ ಹೊರಗೆ ಕರೆದು ಹೇಳಿದ್ದನ್ನ ನನಗೆ ಒಳಗೇ ಹೇಳಿದ್ರು" ಅಂದ ಆಮೇಲೆ.

"ಮತ್ತೆ ಗೊತ್ತಿದ್ದೂ ಹಾಕು ಹಾಕು ಅಂತ ನನ್ನ ಪ್ರಾಣ ತಿಂತೀರಲ್ಲ? ಹಾಕಿಬಿಟ್ಟರೆ ನೀವಿನ್ನು..."

"ನೋಡಲ್ಲ. ನನಗೂ ಲೆಕ್ಕ ಬರುತ್ತೆ."

"ನೋಡ್ಕೊಂಡಿರಿ ರೀ. ಇರೋವರೆಗೂ ನೋಡ್ಕೊಂಡಿರಿ. ಎಲೆ ನಾನು ತೆಗೀತೀನಿ. ನನ್ನ ಸೊಂಟ ತಾನೇ, ಹೋದ್ರೆ ಹೋಗಲಿ."

"ನೀನು ಮೇಲಿಂದು ತೆಗೀತೀಯ. ತಳಕ್ಕೆ ಹೋಗಿದ್ದು?" ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಹೊರಗೆ ಕತ್ತಲಾಗುತ್ತಿತ್ತು. "ಬೆಳಿಗ್ಗೆ ದೊಡ್ಡಪ್ಪ ಮೇಲೆ ಬಂದು ಬಾಯಿ ಬಿಡ್ತಿದ್ದ. ಕಾಳಿಗಲ್ಲ, ಗಾಳಿಗೆ. ಉಸಿರಿಗೆ ಒದ್ದಾಡೋದು ಹೇಗಿರುತ್ತೆ ಅಂತ ನನಗೆ ಗೊತ್ತು ಕಣೇ. ಅದನ್ನ ನೋಡ್ಕೊಂಡು ಮಲಗಿರು ಅಂತೀಯಾ?"

ಅವಳು ಎದ್ದು ಮೂಗು ಒರೆಸಿಕೊಂಡು, ಸೂಜಿ ದಾರ ತಂದಳು.

"ನೀನು ಮುಟ್ಟಬೇಡ" ಎಂದ ಅವನು. "ಇಲಿ ಕೈಗೆ ಯಾರಾದ್ರೂ ಬಲೆ ಕೊಡ್ತಾರಾ? ನನ್ನ ಚೀಲ ತಾ."

ಅವನ ಕೆಲಸದ ಚೀಲ ಬಾಗಿಲ ಹಿಂದೆ ತೂಗುತ್ತಿತ್ತು. ಅದರಲ್ಲಿ ಸೆಣಬಿನ ನಾರಿನ ಒಂದು ಜಡೆ. ಪೈಪಿಗೆ ಪೈಪು ಸೇರಿಸುವ ಕಡೆ ನೀರು ಸೋರದ ಹಾಗೆ ಸುತ್ತುತ್ತಾರಲ್ಲ, ಆ ನಾರು. ಅದನ್ನು ತೊಡೆಯ ಮೇಲೆ ಹೊಸೆದು ಹುರಿ ಮಾಡಿ, ತೂತಿನ ಈ ಅಂಚಿನಿಂದ ಆ ಅಂಚಿಗೆ ಎಳೆದು ಗಂಟು ಹಾಕತೊಡಗಿದ. ದೊಡ್ಡ ದೊಡ್ಡ ರೆಂಚು ತಿರುಗಿಸಿದ ಕೈ, ಈಗ ಹುರಿ ಎಳೆಯಲೂ ಶಕ್ತಿಯಿಲ್ಲ. ನಾಲ್ಕು ಗಂಟು ಹಾಕಿದರೆ ಕಣ್ಣು ಮುಚ್ಚಿ ಒರಗಬೇಕು. ಒಂದು ಗಂಟು ಕಡಲೆಯಷ್ಟು, ಇನ್ನೊಂದು ನೆಲ್ಲಿಕಾಯಿಯಷ್ಟು. ಎಳೆ ಒಂದು ಮೇಲಕ್ಕೆ, ಒಂದು ಓರೆ. ಪರದೆಯಮ್ಮ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಒಂದು ಹೊಲಿಗೆ ಸೊಟ್ಟಗಾದರೆ ಇಡೀ ಪರದೆ ಬಿಚ್ಚಿ ಮತ್ತೆ ಹೊಲಿಯುವ ಹೆಂಗಸು, ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು.

"ಕೈ ತುರಿಸ್ತಿದೆ ಅಲ್ವಾ?" ಎಂದು ಅವನು ತಲೆಯೆತ್ತದೆ ಕೇಳಿದ.

"ನನಗೇನು? ನಿಮ್ಮ ಬಲೆ, ನಿಮ್ಮ ಗಂಟು."

"ಚೆನ್ನಾಗಿಲ್ಲ. ಆದ್ರೆ ಸೋರಲ್ಲ."

ಆ ಕೆಲಸ ಅವನಿಗೆ ಎಷ್ಟೋ ದಿನ ಹಿಡಿಯಿತು. ಅಷ್ಟು ದಿನವೂ ಅವಳು ಬೆಳಿಗ್ಗೆ ಜರಡಿ ಹಿಡಿದು ಹೋದಳು. ಈಗ ಕದ್ದು ಹೋಗಬೇಕಿರಲಿಲ್ಲ. ಅವನು ಕಿಟಕಿಯೊಳಗಿಂದ, "ಬಲಕ್ಕೆ... ಅಲ್ಲಲ್ಲ, ನಿನ್ನ ಬಲಕ್ಕಲ್ಲ, ನನ್ನ ಬಲಕ್ಕೆ" ಎಂದು ಬೆರಳು ತೋರಿಸುತ್ತಿದ್ದ. ಅವನು ಬೇಗ ಮುಗಿಸಲಿ ಎಂದು ಅವಳಿಗೆ ಒಂದು ಮನಸ್ಸು, ಮುಗಿಯದೇ ಇರಲಿ ಎಂದು ಇನ್ನೊಂದು. ರೇಡಿಯೋ ಹೇಳಿದ ಹಾಗೆ ಬೋನು ತಂದು, ಬ್ರೆಡ್ಡಿನ ತುಂಡು ಸಿಕ್ಕಿಸಿ, ಶೆಡ್ಡಿನ ಬಾಗಿಲಲ್ಲಿಟ್ಟು ಹೋಗಿದ್ದಳು. ದಿನವೂ ಬಂದು ಬಗ್ಗಿ ನೋಡಿ, "ಬಿದ್ದಿಲ್ಲ ಅತ್ತಿಗೆ, ತುಂಬಾ ಜಾಣ ಇಲಿ ಇದು" ಅನ್ನುತ್ತಿದ್ದಳು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡಿದರೆ ನಗು ತಡೆಯುವುದು ಕಷ್ಟವಿತ್ತು.

ಕೊನೆಯ ಗಂಟು ಬಿದ್ದ ಮಾರನೆಯ ದಿನ ಗಾಳಿ ಇರಲಿಲ್ಲ, ಬಿಸಿಲಿತ್ತು. ನಾದಿನಿ ಅತ್ತಿಗೆ ಇಬ್ಬರೂ ಸೇರಿ ಅವನನ್ನು ಕುರ್ಚಿಸಮೇತ ಎತ್ತಿ ಕೊಳದ ಅಂಚಿಗೆ ತಂದರು. ಭಾರವೇ ಇರಲಿಲ್ಲ. ಖಾಲಿ ಕುರ್ಚಿಯನ್ನೇ ಎತ್ತಿದ ಹಾಗಿತ್ತು. ರೇಡಿಯೋ ಸೆರಗು ಬಾಯಿಗಿಟ್ಟುಕೊಂಡು ಆಚೆ ನಿಂತಳು.

ಕಾಳಿನ ಡಬ್ಬವನ್ನು ಅವನ ಕೈಗೆ ಕೊಟ್ಟರು. ಅವನು ಒಂದು ಚಿಟಿಕೆ ಉದುರಿಸಿದ. ಚಿಕ್ಕವು ಮುಗಿಬಿದ್ದವು, ನೀರು ಕುದಿದ ಹಾಗಾಯಿತು. ಇನ್ನೊಂದು ಚಿಟಿಕೆ. ದೊಡ್ಡಪ್ಪ ಬರಲಿಲ್ಲ. ಮೂರೂ ಜನ ಕತ್ತು ಚಾಚಿ ಕಪ್ಪು ನೀರನ್ನೇ ನೋಡುತ್ತಾ ಕೂತರು. ಅವಳಿಗೆ ಒಳಗೊಳಗೇ ಶುರುವಾಯಿತು, ತಾನು ತಡಮಾಡಿದ್ದೇ ಆ ಜೀವಕ್ಕೆ ಮುಳುವಾಯಿತೇನೋ ಎಂದು.

"ಬರ್ತಾನೆ. ಅವನನ್ನ ಕರೀಬೇಕು" ಎಂದ ಮೇಸ್ತ್ರಿ. ಕಷ್ಟಪಟ್ಟು ಬಗ್ಗಿ, ಬೆರಳನ್ನು ನೀರಿಗೆ ಅದ್ದಿ, ಮೆಲ್ಲಗೆ ಅಲ್ಲಾಡಿಸಿದ.

ಕಲ್ಲಿನ ಕೆಳಗಿಂದ ಒಂದು ಕೆಂಪು ನಿಧಾನವಾಗಿ ಮೇಲೆ ಬಂತು. ಹರಿದ ಬಾಲ ಬೀಸಿಕೊಂಡು, ಯಾವ ಅವಸರವೂ ಇಲ್ಲದೆ ಬಂದು, ಕಾಳು ಬಿಟ್ಟು ಅವನ ಬೆರಳಿಗೇ ಮೂತಿ ತಾಗಿಸಿತು.

"ಬಂದ್ಯಾ? ಹೋಗಿಬರ್ತೀನಪ್ಪ, ಇವಳನ್ನ ನೋಡ್ಕೋ" ಎಂದ ಅವನು, ದೂರದ ಊರಿಗೆ ಹೊರಟವರು ಪಕ್ಕದ ಮನೆಯವರಿಗೆ ಹೇಳುವ ಹಾಗೆ. ಬೆರಳು ತೆಗೆದು ಪಂಚೆಗೆ ಒರೆಸಿಕೊಂಡ. "ಹೂಂ. ಹಾಕಿ."

ಹಗ್ಗ ಬಿಗಿದರು. ಬಲೆ ಹೊದಿಸಿದರು. ಅತ್ತ ನಾದಿನಿ, ಇತ್ತ ಪರದೆಯಮ್ಮ.

"ಹಿಡಿ" ಎಂದ ಮೇಸ್ತ್ರಿ ಕುರ್ಚಿಯಿಂದ.

ಪರದೆಯಮ್ಮನ ಕೈಯಿಂದ ಬಲೆ ಜಾರಿತು.

"ಹಿಡಿ ಅಂದೆ ಕಣೇ! ಯಾವ ಕಾಲಕ್ಕೆ ಕಲೀತೀಯ ನೀನು?"

"ನೀವು ಬಿಡು ಅಂದ ಹಾಗೆ ಕೇಳಿಸ್ತು."

"ಬಿಡು ಅಂತ ನಾನು ಯಾವಾಗ ಅಂದೆ?"

"ವರ್ಷವೂ ಅಂತೀರಿ."

"ನಾನು ಹಿಡಿ ಅಂದಾಗ ನೀನು ಯಾವತ್ತು ಹಿಡಿದಿದ್ದೀಯ?"

ಅವಳು ಮತ್ತೆ ಬಲೆಯ ಅಂಚನ್ನು ಮುಷ್ಟಿಯಲ್ಲಿ ಸುತ್ತಿಕೊಂಡಳು, ಬೆರಳಿಗೆ ಕೊಯ್ಯುವಷ್ಟು ಬಿಗಿಯಾಗಿ. "ಹಿಡಿದಿದ್ದೀನಿ ರೀ. ನೋಡಿ, ಹಿಡಿದಿದ್ದೀನಿ."

ಅವನು ಅವಳ ಕೈ ನೋಡಿದ. ಗೂಟಗಳು ಒಂದೊಂದಾಗಿ ನೆಲಕ್ಕಿಳಿದವು. ನೀರು ಕಾಣದಾಯಿತು.

ಆಮೇಲೂ ಅವನು ಕಿಟಕಿ ಬಿಡಲಿಲ್ಲ. "ಈಗ ದೊಡ್ಡಪ್ಪ ಕಲ್ಲಿನ ಸಂದಿಯಲ್ಲಿ ಮಲಗಿರ್ತಾನೆ" ಅನ್ನುತ್ತಿದ್ದ. "ಈಗ ಬಿಸಿಲು ಬಿತ್ತಲ್ಲ, ಈ ಕಡೆ ಬಂದಿರ್ತಾನೆ." ಅವಳು ಹೊಲಿಗೆ ನಿಲ್ಲಿಸಿ ಬಂದು, ಅವನ ಪಕ್ಕದಲ್ಲಿ ಕೂತು, "ಹೌದು ರೀ, ಬಂದ" ಅನ್ನುತ್ತಿದ್ದಳು. ಇಬ್ಬರೂ ಕಪ್ಪು ಬಲೆಯನ್ನೇ ನೋಡುತ್ತಿದ್ದರು. ಎಲೆ ಜಾರಿ ಜಾರಿ ಪಕ್ಕಕ್ಕೆ ಬೀಳುತ್ತಿತ್ತು.

ಮರದಲ್ಲಿ ಒಂದು ಎಲೆಯೂ ಉಳಿಯದ ಕಾಲಕ್ಕೆ, ಒಂದು ಬೆಳಿಗ್ಗೆ ಅವಳು ಚಹಾ ತಂದಾಗ ಅವನ ಮುಖ ಕಿಟಕಿಯ ಕಡೆಗಿತ್ತು. ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದಳು.

ಬಂದವರು ಬಂದರು, ಹೋದವರು ಹೋದರು. ಮಂಚ ಅಲ್ಲೇ ಇತ್ತು. ಅವಳು ಮಿಷನ್ನನ್ನು ಆ ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಳು. ಚಳಿಯಲ್ಲಿ ಹೊಲಿದಳು, ಮಂಜಿನಲ್ಲಿ ಹೊಲಿದಳು. ಬಿಸಿಲು ಬಂದಾಗ ಯಾರೂ ಕೇಳದೇ ಇದ್ದರೂ, "ಈ ಕಡೆ ಬಂದ" ಎಂದು ಬಾಯಿಗೆ ಬಂದುಬಿಡುತ್ತಿತ್ತು.

ಒಂದು ದಿನ ಗೋಡೆಯ ಮೇಲಿನ ಕೊಂಬೆಯಲ್ಲಿ ಹಸಿರು ಚುಕ್ಕೆ ಕಂಡಿತು. ಅವಳು ಕಂಡರೂ ಕಾಣದ ಹಾಗೆ ಇದ್ದಳು. ಆದರೆ ನಾದಿನಿ ಬಿಡುವವಳಲ್ಲ. ಗೂಟ ಕಿತ್ತರು, ಬಲೆ ಎತ್ತಿದರು. ನೀರು ತಿಳಿಯಾಗಿತ್ತು. ತಳದ ಕಲ್ಲೂ ಕಾಣುತ್ತಿತ್ತು. ಅವಳು ಬೆರಳು ಅದ್ದಿ ಕಾದಳು. ಚಿಕ್ಕವೆಲ್ಲ ಬಂದು ಹೋದ ಮೇಲೆ, ಹರಿದ ಬಾಲ ಬೀಸಿಕೊಂಡು ದೊಡ್ಡಪ್ಪ ಬಂದ. ಬೆರಳನ್ನು ಮೂಸಿದ. ಸ್ವಲ್ಪ ಹೊತ್ತು ಅಲ್ಲೇ ನಿಂತ. ಆಮೇಲೆ ತಿರುಗಿ ಹೋಗಿಬಿಟ್ಟ.

ಇಬ್ಬರೂ ಬಲೆ ಮಡಚಲು ಕೂತರು. ನಡುವೆ ಆ ಜಾಗ ಬಂತು. ಸೆಣಬು ಮಳೆಗೆ ಮಂಜಿಗೆ ಕಪ್ಪಾಗಿ, ಬಿಗಿದುಕೊಂಡು, ಗಂಟುಗಳು ಕಲ್ಲಾಗಿದ್ದವು. ಅದರ ಮೂಲಕ ಒಂದು ಎಲೆಯೂ ಇಳಿದಿರಲಿಲ್ಲ.

"ಅಯ್ಯೋ ನಮ್ಮಣ್ಣನ ಕೈಕೆಲಸವೇ!" ಎಂದಳು ರೇಡಿಯೋ. ದನಿ ಮಾತ್ರ ಮೊದಲಿನ ಹಾಗೆ ಮೂರು ಮನೆಗೆ ಕೇಳಿಸುವಂತಿರಲಿಲ್ಲ. "ಇದನ್ನ ಬಿಚ್ಚಿ ನೀವೇ ನೀಟಾಗಿ ಹೊಲಿದುಬಿಡಿ ಅತ್ತಿಗೆ. ನೋಡಿದವರು ಪರದೆಯಮ್ಮನ ಮನೆಯ ಬಲೆ ಅಂತಾರಾ ಇದನ್ನ?"

ಪರದೆಯಮ್ಮ ಒಂದೊಂದೇ ಗಂಟಿನ ಮೇಲೆ ಹೆಬ್ಬೆರಳು ಸವರುತ್ತಾ ಹೋದಳು. ತೂತಿನ ಅಂಚು ಸಿಕ್ಕಿತು, ಗೆರೆ ಎಳೆದ ಹಾಗೆ ನೆಟ್ಟಗೆ. ಇಲಿ ತಿರುಗಿಸಿದೆ ಎಂದು ಅವನು ಹೇಳಿದ್ದ ಮೂಲೆಯೂ ಸಿಕ್ಕಿತು.

"ಇರಲಿ ಬಿಡಮ್ಮ."

ನಾದಿನಿ ಬಲೆಯನ್ನು ಶೆಡ್ಡಿಗೆ ಒಯ್ದಿಟ್ಟು, ಬಾಗಿಲಲ್ಲಿದ್ದ ಬೋನನ್ನು ಎತ್ತಿಕೊಂಡು ಬಂದಳು. ಒಳಗೆ ಬ್ರೆಡ್ಡಿನ ತುಂಡು ಒಣಗಿ ಹೆಂಚಿನ ಚೂರಿನ ಹಾಗಾಗಿತ್ತು.

"ನೋಡಿ ಅತ್ತಿಗೆ, ನನ್ನ ಬೋನು ಬಂದ ಮೇಲೆ ಒಂದು ಇಲಿಯೂ ಈ ಕಡೆ ತಲೆ ಹಾಕಿಲ್ಲ. ಆದ್ರೂ ಇಲ್ಲೇ ಇರಲಿ. ಮುಂದಿನ ಸಲ ಎಲೆ ಉದುರೋ ಹೊತ್ತಿಗೆ ಮತ್ತೆ ಬಂದುಬಿಟ್ಟರೆ?"

ಪರದೆಯಮ್ಮ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಖಾಲಿ ಕಿಟಕಿಯ ಕಡೆ ನೋಡಿದಳು.

"ಇಲ್ಲ ಕಣಮ್ಮ, ತಗೊಂಡು ಹೋಗು" ಎಂದಳು. "ಆ ಇಲಿಗೆ ಇನ್ನು ಇಲ್ಲಿ ಕೆಲಸವಿಲ್ಲ."